ಎರಡು ಸೆಕೆಂಡಿನ ಮೇಷ್ಟ್ರು

ನಮ್ಮ ಮೇಷ್ಟ್ರ ಬಾಯಲ್ಲಿ ಹೊಗಳಿಕೆ ಕೇಳಿದವರು ಯಾರಾದರೂ ಇದ್ದರೆ ದಯವಿಟ್ಟು ಕ್ರೀಡಾಂಗಣದ ಕಚೇರಿಗೆ ಬಂದು ನನಗೆ ತಿಳಿಸಬೇಕು. ಹದಿನೇಳು ವರ್ಷದಿಂದ ಆ ಕಚೇರಿಯ ಕಿಟಕಿ ಪಕ್ಕದ ಮೇಜಿನ ಹಿಂದೆ ಕೂತು ಬೀಗದ ಕೈ ಕೊಡುತ್ತ, ಅರ್ಜಿ ತುಂಬಿಸಿಕೊಳ್ಳುತ್ತ ಇದ್ದೇನೆ, ನಾನಂತೂ ಕೇಳಿಲ್ಲ. ಅದಕ್ಕೂ ಮುಂಚೆ ಮೂರು ವರ್ಷ ಅವರ ಕೈಕೆಳಗೆ ಓಡಿದ್ದೇನೆ, ಆಗಲೂ ಕೇಳಿಲ್ಲ. ತೀರ ಸಂತೋಷವಾದರೆ "ಪರವಾಗಿಲ್ಲ" ಅನ್ನುತ್ತಿದ್ದರು. ಆ ಒಂದು "ಪರವಾಗಿಲ್ಲ"ಕ್ಕಾಗಿ ಮಕ್ಕಳು ವಾಂತಿ ಬರುವವರೆಗೂ ಓಡುತ್ತಿದ್ದರು. ನಾನು ಮೂರು ವರ್ಷದಲ್ಲಿ ಎರಡೇ ಸಲ ಅದನ್ನು ಸಂಪಾದಿಸಿದವಳು. ಅದರಲ್ಲೂ ಒಂದು ಸಲದ್ದು ನನ್ನ ಹಿಂದೆ ನಿಂತಿದ್ದವಳಿಗೆ ಹೇಳಿದ್ದು ಅಂತ ಆಮೇಲೆ ತಿಳಿಯಿತು.

ಮೇಷ್ಟ್ರು ಇಪ್ಪತ್ತಾರು ವರ್ಷ ಒಂದು ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ನಿವೃತ್ತಿಯಾದ ಮಾರನೆಯ ದಿನ ಬೆಳಿಗ್ಗೆ ಐದೂವರೆಗೆ ಎಂದಿನಂತೆ ಕ್ರೀಡಾಂಗಣದ ಗೇಟಿನ ಮುಂದೆ ನಿಂತಿದ್ದರು. "ಮನೇಲಿದ್ರೆ ಇವರು ನನಗೂ ಸೀಟಿ ಊದ್ತಾರೆ, ಅದಕ್ಕೇ ಕಳಿಸ್ದೆ" ಅಂತ ಅವರ ಹೆಂಡತಿ ನಗುತ್ತಿದ್ದರು. ಬಲಗಾಲಿನ ಕಿರುಬೆರಳಿನ ಮೇಲೆ ಆಣಿ ಇದ್ದದ್ದರಿಂದ ಮೇಷ್ಟ್ರು ಯಾವ ಹೊಸ ಶೂ ತಂದರೂ ಮೊದಲು ಬ್ಲೇಡು ಹಿಡಿದು ಆ ಮೂಲೆಯಲ್ಲಿ ಒಂದು ಕಿಂಡಿ ಕೊರೆಯುತ್ತಿದ್ದರು. ಕಿಂಡಿಯಿಂದ ಕಾಲುಚೀಲ ಇಣುಕುತ್ತಿತ್ತು. ಕೊರಳಿಗೆ ಕಪ್ಪು ದಾರದಲ್ಲಿ ಸ್ಟಾಪ್ ವಾಚು. ಅದು ಯಾವಾಗಲೂ ಅಂಗಿಯ ಒಳಗೆ ಇರುತ್ತಿತ್ತು, ಸಮಯ ನೋಡುವಾಗ ಮಾತ್ರ ಹೊರಗೆ ಬರುತ್ತಿತ್ತು, ಅದೂ ಅಂಗೈ ಅಡ್ಡ ಹಿಡಿದುಕೊಂಡು.

ಅವರ ಹತ್ತಿರ ಓಡುವವರು ಯಾರೂ ಕೈಗೆ ಗಡಿಯಾರ ಕಟ್ಟುವಂತಿಲ್ಲ. ಕಟ್ಟಿಕೊಂಡು ಬಂದರೆ ನನ್ನ ಮೇಜಿನ ಡ್ರಾಯರಿಗೆ ಹಾಕಿ ಹೋಗಬೇಕು. "ಗಡಿಯಾರ ನೋಡೋ ಕೆಲಸ ನನ್ನದು, ಓಡೋ ಕೆಲಸ ನಿಮ್ಮದು" ಅನ್ನುತ್ತಿದ್ದರು. ಮಕ್ಕಳು ಒಂದೊಂದು ಸುತ್ತು ಮುಗಿಸಿ ಅವರ ಮುಂದೆ ಹಾದುಹೋಗುವಾಗ ಆ ಸುತ್ತಿಗೆ ಎಷ್ಟು ಸೆಕೆಂಡು ಹಿಡಿಯಿತು ಅಂತ ಕೂಗಿ ಹೇಳುತ್ತಿದ್ದರು. ಆ ಕೂಗು ಇಡೀ ಮೈದಾನಕ್ಕೆ ಕೇಳಿಸುತ್ತಿತ್ತು. ಆದರೆ ಅದು ಸುಳ್ಳು.

ಸುಳ್ಳು ಅಂದರೆ ಬಾಯಿಗೆ ಬಂದದ್ದಲ್ಲ, ಲೆಕ್ಕಾಚಾರದ ಸುಳ್ಳು. ಪ್ರತಿ ಸುತ್ತಿಗೂ ಸರಿಯಾಗಿ ಎರಡು ಸೆಕೆಂಡು ಸೇರಿಸಿ ಹೇಳುತ್ತಿದ್ದರು. ಎಪ್ಪತ್ತೈದರಲ್ಲಿ ಓಡಿದವಳಿಗೆ ಎಪ್ಪತ್ತೇಳು. ಕೇಳಿದವಳು ಅಯ್ಯೋ ನಿಧಾನವಾಯಿತು ಅಂದುಕೊಂಡು ಮುಂದಿನ ಸುತ್ತಿನಲ್ಲಿ ಹಲ್ಲು ಕಚ್ಚಿ ಓಡುತ್ತಿದ್ದಳು. ಇದು ಗೊತ್ತಿದ್ದದ್ದು ಇಬ್ಬರಿಗೇ, ಅವರಿಗೆ ಮತ್ತು ನನಗೆ. ಕಚೇರಿಯ ಕೆಲಸ ಸಿಕ್ಕಿದ ಮೇಲೆ ಅವರ ನೋಟ್ ಬುಕ್ಕಿನ ಜವಾಬ್ದಾರಿ ನನ್ನ ತಲೆಗೆ ಬಂತು. ಅವರ ಪಕ್ಕದಲ್ಲಿ ನಿಂತಿರಬೇಕು. ಅವರು ಮೈದಾನಕ್ಕೆ ಕೇಳುವ ಹಾಗೆ ಒಂದು ಸಂಖ್ಯೆ ಕೂಗಿ, ಆಮೇಲೆ ತುಟಿ ಅಲ್ಲಾಡಿಸದೆ ನನಗೆ ಮಾತ್ರ ಇನ್ನೊಂದು ಹೇಳುತ್ತಿದ್ದರು, ಅದನ್ನು ಬರೆದುಕೊಳ್ಳಬೇಕು. ಮೊದಲ ದಿನ ಆ ಎರಡು ಸಂಖ್ಯೆ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷ ನನ್ನನ್ನೂ ಹೀಗೇ ಯಾಮಾರಿಸಿದ್ದರಲ್ಲ!

ಕೇಳಿಯೂ ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಹರೆಯದಲ್ಲಿ ಅವರೂ ಓಡುತ್ತಿದ್ದರಂತೆ. ಒಂದು ದೊಡ್ಡ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಅವರ ತರಬೇತುದಾರ ಕೈ ಎತ್ತಿ "ನಿಂದೇ, ನಿಂದೇ ಗೆಲುವು" ಅಂತ ಕೂಗಿದರಂತೆ. "ಅಷ್ಟು ಕೇಳಿದ್ದೇ ತಡ, ನನ್ನ ಕಾಲು ಸಡಿಲ ಆಯ್ತು. ಹಿಂದಿನಿಂದ ಬಂದೋನು ಎದೆ ಮುಂದೆ ಚಾಚಿ ಗೆದ್ದ. ಒಳ್ಳೇ ಸುದ್ದೀನ ಓಡೋರ ಕಿವಿಗೆ ಹಾಕಬಾರದು ಕಣಮ್ಮ. ಓಟ ಮುಗಿದ ಮೇಲೆ ಹೇಳಿದ್ರಾಯ್ತು." ಓಟ ಮುಗಿದ ಮೇಲೂ ಅವರು ಹೇಳುತ್ತಿರಲಿಲ್ಲ, ಅದು ಬೇರೆ ಮಾತು.

ಮೇಷ್ಟ್ರ ಹತ್ತಿರ ಓಡಿದ ಒಬ್ಬ ಹುಡುಗಿಯನ್ನು ಎಲ್ಲರೂ ಕಡ್ಡಿ ಅಂತಲೇ ಕರೆಯುತ್ತಿದ್ದರು. ಅವಳ ತಾಯಿಯದು ಕ್ರೀಡಾಂಗಣದ ಹಿಂದಿನ ಬೀದಿಯಲ್ಲಿ ಲಾಂಡ್ರಿ ಅಂಗಡಿ. ಮುಂದೆ ಕೌಂಟರು, ಅದರ ಹಿಂದೆ ಇಸ್ತ್ರಿ ಮೇಜು, ಮೇಲೆ ಉದ್ದಕ್ಕೂ ಕಟ್ಟಿದ ಕಂಬಿಯಲ್ಲಿ ನಂಬರಿನ ಚೀಟಿ ಚುಚ್ಚಿದ ಬಟ್ಟೆಗಳು. ತಂದೆ ಅವಳ ಹಾಲುಹಲ್ಲು ಬೀಳುವ ಮೊದಲೇ ತೀರಿಕೊಂಡಿದ್ದ. ನಮ್ಮ ತಂಡಗಳ ಜರ್ಸಿಗಳನ್ನು ಒಗೆಯುವುದು ಆ ಅಂಗಡಿಯಲ್ಲೇ. ಹದಿಮೂರು ವರ್ಷದವಳಾಗಿದ್ದಾಗ ಒಂದು ಸಂಜೆ ಕಚೇರಿ ಮುಚ್ಚುವ ಹೊತ್ತಾಯಿತು ಅಂತ ಜರ್ಸಿಗಳ ದೊಡ್ಡ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡು ಮೈದಾನದ ನಡುವೆಯೇ ಓಡಿಬಂದಳು. ನಾನು ಬೈಯೋಣ ಅಂತ ಬಾಗಿಲಿಗೆ ಬಂದೆ. ಮೇಷ್ಟ್ರು ನನಗಿಂತ ಮೊದಲೇ ಅಲ್ಲಿದ್ದರು.

"ಆ ಗಂಟು ಇಲ್ಲಿಟ್ಟು ಒಂದು ಸುತ್ತು ಓಡು ನೋಡೋಣ" ಅಂದರು.

"ಯಾಕೆ?" ಅಂದಳು ಅವಳು.

ಮೇಷ್ಟ್ರನ್ನು ಯಾಕೆ ಅಂತ ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. ಅವರು ವಾಚು ಹೊರಗೆ ತೆಗೆದರು. ಅವಳು ಚಪ್ಪಲಿ ಬಿಟ್ಟು ಓಡಿದಳು. ಅವತ್ತು ಅವರು ಕೂಗಿದ ಸಂಖ್ಯೆಯನ್ನೂ ನನಗೆ ಹೇಳಿದ ಸಂಖ್ಯೆಯನ್ನೂ ಕೇಳಿದಾಗ ಇವಳು ದೊಡ್ಡ ಓಟಗಾರ್ತಿಯಾಗುತ್ತಾಳೆ ಅನ್ನಿಸಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲಿನ ಆರು ವರ್ಷ ಮೇಷ್ಟ್ರು ಅವಳ ಹಿಂದೆಯೇ ಬಿದ್ದರು. ಅವಳು ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಮಲಗಬೇಕು, ಕೂದಲು ಎಷ್ಟು ಉದ್ದ ಇರಬೇಕು, ಎಲ್ಲ ಅವರದ್ದೇ. ಜ್ವರ ಬಂದರೆ ಅವರ ಹೆಂಡತಿ ಗಂಜಿ ಮಾಡಿ ಕಳಿಸುತ್ತಿದ್ದರು. ಅಂಗಡಿಗೆ ಹೋಗಿ "ಈ ಮಗೂನ ನಿಲ್ಲಿಸಿ ಇಸ್ತ್ರಿ ಹಾಕಿಸಬೇಡಿ ಅಮ್ಮ, ಕಾಲು ಊದುತ್ತೆ" ಅಂತ ತಾಯಿಗೆ ಪಾಠ ಹೇಳಿ ಬರುತ್ತಿದ್ದರು. ತಾಯಿ ಬಿಸಿ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದುಕೊಂಡೇ "ಹಾಗಾದ್ರೆ ನೀವೇ ಬಂದು ಹಾಕಿ ಮೇಷ್ಟ್ರೇ" ಅನ್ನುತ್ತಿದ್ದಳು. ಆದರೂ ಮಗಳನ್ನು ಬಿಡುತ್ತಿದ್ದಳು. ಅಪ್ಪನಿಲ್ಲದ ಮನೆಗೆ ಹೀಗೆ ಬಂದು ಬೈಯುವವರೊಬ್ಬರು ಇದ್ದದ್ದು ಅವಳಿಗೂ ಒಂದು ಧೈರ್ಯವಾಗಿತ್ತು ಅಂತ ನನ್ನ ಲೆಕ್ಕ. ಹುಡುಗಿಗಂತೂ ಮೇಷ್ಟ್ರ ದನಿಯೇ ವೇದವಾಗಿತ್ತು. ಸಂತೆಯ ಗದ್ದಲದಲ್ಲೂ ಅವರು ಕೆಮ್ಮಿದರೆ ತಿರುಗಿ ನೋಡುವಳು.

ಹದಿನೆಂಟು ತುಂಬಿದ ವರ್ಷ ಅವಳು ಕುಸಿದಳು. ಎಂಟು ತಿಂಗಳು ಎಷ್ಟೇ ಓಡಿದರೂ ಮೇಷ್ಟ್ರು ಕೂಗುವ ಸಂಖ್ಯೆ ಎಪ್ಪತ್ತೈದರಿಂದ ಕೆಳಗಿಳಿಯಲಿಲ್ಲ. ಅವಳು ಓಡುತ್ತಿದ್ದದ್ದು ಎಪ್ಪತ್ಮೂರರಲ್ಲಿ, ನೋಟ್ ಬುಕ್ಕಿನಲ್ಲಿ ನನ್ನ ಕೈಬರಹದಲ್ಲೇ ಇತ್ತು. ಒಂದು ಬೆಳಿಗ್ಗೆ ಹೆಂಗಸರ ಬಟ್ಟೆ ಬದಲಿಸುವ ಕೋಣೆಗೆ ನಲ್ಲಿ ಸೋರುತ್ತಿದೆಯಾ ಅಂತ ನೋಡಲು ಹೋದರೆ ಅವಳು ಬೆಂಚಿನ ಮೇಲೆ ಕೂತು ಶೂ ಲೇಸು ಬಿಚ್ಚದೆ ಅಳುತ್ತಿದ್ದಳು.

"ಅಕ್ಕಾ, ನಾನು ಬಿಟ್ಬಿಡ್ತೀನಿ. ನನ್ನ ಕೈಲಾಗಲ್ಲ. ಅಮ್ಮನಿಗೆ ಸೊಂಟ ಹಿಡ್ಕೊಂಡಿದೆ, ಅಂಗಡೀಲಿ ಜನ ಬೇಕು. ನಾನಿಲ್ಲಿ ಸುಮ್ನೆ ಸುತ್ತು ಹಾಕ್ತಾ ಇದೀನಿ."

ನಾನು ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇಲ್ಲ. ಆದರೆ ಅವಳ ಅಳು ನೋಡಲಾಗಲಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ನನ್ನ ಕಾಲದಲ್ಲಿ ನನಗೆ ಯಾರೂ ಹೇಳಲಿಲ್ಲವಲ್ಲ ಅನ್ನುವ ಹಳೆಯ ಸಿಟ್ಟೂ ಇತ್ತು. ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಪ್ರತಿ ಸುತ್ತಿಗೆ ಎರಡು ಸೆಕೆಂಡು ಹೆಚ್ಚು ಹೇಳುತ್ತಾರೆ, ನೀನು ಎರಡು ಕಳೆದುಕೋ ಅಷ್ಟೆ.

ಅವಳು ಮೂಗು ಒರೆಸಿಕೊಂಡು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಸಿಟ್ಟು ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ, ಅವಳು ಬಿದ್ದು ಬಿದ್ದು ನಕ್ಕಳು. "ಪಾಪ ಸರ್! ಇಷ್ಟು ವರ್ಷ ಎಲ್ಲರಿಗೂ ಕೂಡಿಸಿ ಕೂಡಿಸಿ ಹೇಳಿದಾರಾ? ತಲೆ ನೋವು ಬರಲ್ವಾ ಅವರಿಗೆ?"

"ನಾನು ಹೇಳಿದ್ದು ಅಂತ ಗೊತ್ತಾದ್ರೆ ನನ್ನನ್ನ ಈ ಗೇಟಿನೊಳಗೆ ಸೇರಿಸಲ್ಲ" ಅಂದೆ.

"ನಾನ್ಯಾಕೆ ಹೇಳ್ಲಿ ಅಕ್ಕ? ಅವರು ಕೂಡಿಸ್ಲಿ, ನಾನು ಕಳೀತೀನಿ" ಅಂದಳು.

ಅವತ್ತಿನಿಂದ ಒಂದು ವರ್ಷ ಎಲ್ಲವೂ ನೆಟ್ಟಗೆ ನಡೆಯಿತು. ಮೇಷ್ಟ್ರು ಎಪ್ಪತ್ನಾಲ್ಕು ಅಂತ ಕೂಗಿದರೆ ಅವಳಿಗೆ ಎಪ್ಪತ್ತೆರಡು ಅಂತ ಕೇಳಿಸುತ್ತಿತ್ತು. ಕಾಲಿಗೆ ಧೈರ್ಯ ಬಂತು, ಸಮಯ ಇಳಿಯಿತು. ಮೇಷ್ಟ್ರು ನನ್ನ ಕಡೆ ಬಾಗಿ "ನೋಡಿದ್ಯಾ, ಎರಡು ಸೆಕೆಂಡು ಹೇಗೆ ಕೆಲಸ ಮಾಡ್ತಿದೆ" ಅಂತ ಪಿಸುಗುಟ್ಟುತ್ತಿದ್ದರು. ನಾನು ಹೌದು ಸರ್ ಅನ್ನುತ್ತಿದ್ದೆ. ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿತ್ತು, ಇಬ್ಬರೂ ಸುಖವಾಗಿದ್ದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ, ಥೂ.

ಆಮೇಲೆ ಆಯ್ಕೆಯ ಓಟ ಬಂತು. ಇಪ್ಪತ್ತು ವರ್ಷದೊಳಗಿನವರಿಗೆ ರಾಷ್ಟ್ರೀಯ ಶಿಬಿರ. ಅಲ್ಲಿಗೆ ಸೇರಿದರೆ ಊಟ, ವಸತಿ, ಓದು ಎಲ್ಲ ಅವರೇ ನೋಡಿಕೊಳ್ಳುತ್ತಾರೆ, ಓಡುವುದೊಂದೇ ಕೆಲಸ. ಸಾವಿರದ ಐನೂರು ಮೀಟರು, ಅಂದರೆ ಮೈದಾನಕ್ಕೆ ಕಾಲು ಕಡಿಮೆ ನಾಲ್ಕು ಸುತ್ತು, ನಾಲ್ಕು ನಿಮಿಷ ಇಪ್ಪತ್ತೈದು ಸೆಕೆಂಡಿನೊಳಗೆ ಓಡಬೇಕು. ಮೊದಲು ಬಂದರೆ ಸಾಲದು, ಆ ಸಮಯ ಬರಬೇಕು. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತಿತ್ತು. ತಾಯಿಯೂ ಒಂದೇ ಮಾತು ಹೇಳಿಬಿಟ್ಟಿದ್ದಳು: "ಇದೊಂದು ಸಲ ಹೋಗಿ ಬಾ. ಆದ್ರೆ ನಿನ್ನ ಪುಣ್ಯ. ಆಗದಿದ್ರೆ ಸೋಮವಾರದಿಂದ ಅಂಗಡಿಗೆ ಬಾ, ನನ್ನ ಸೊಂಟ ಇನ್ನು ತಡೆಯಲ್ಲ." ಅದರಲ್ಲಿ ಕಠಿಣತನವೇನೂ ಇರಲಿಲ್ಲ. ಆ ಹೆಂಗಸು ಹದಿನಾಲ್ಕು ವರ್ಷದಿಂದ ದಿನಾ ಎಂಟು ಗಂಟೆ ನಿಂತೇ ಇದ್ದಳು.

ಮೇಷ್ಟ್ರು, ಅವಳು, ನಾನು ಮೂವರೂ ಬಸ್ಸಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ಆಯ್ಕೆಯ ಓಟ ನಡೆಯುವ ಊರಿಗೆ ಹೋದೆವು. ಮೋಡ ಕವಿದ ಮಧ್ಯಾಹ್ನ, ಗಾಳಿ ಇರಲಿಲ್ಲ. ಮೈದಾನದಲ್ಲಿ ಓಟ ಮುಗಿದ ಮೇಲೆ ಸಮಯ ತೋರಿಸುವ ಫಲಕ ಮಾತ್ರ ಇತ್ತು. ಓಡುವಾಗ ಸಮಯ ತಿಳಿಯಬೇಕಾದರೆ ಅವರವರ ತರಬೇತುದಾರರ ಗಂಟಲೇ ಗತಿ. ಅವಳ ಜೊತೆ ಓಡಲು ಬಂದಿದ್ದ ಹುಡುಗಿಯರಲ್ಲಿ ಅವಳಿಗೆ ಸರಿಸಾಟಿಯಾದವಳು ಒಬ್ಬಳೂ ಇರಲಿಲ್ಲ. ಹಾಗಾಗಿ ಬೆನ್ನು ಹತ್ತಲು ಯಾರೂ ಇಲ್ಲ, ಒಬ್ಬಳೇ ಗಡಿಯಾರದ ಜೊತೆ ಓಡಬೇಕು. ಒಂದು ಸುತ್ತಿಗೆ ಎಪ್ಪತ್ತು, ಹೆಚ್ಚೆಂದರೆ ಎಪ್ಪತ್ತೂವರೆ ಸೆಕೆಂಡು. ಹೆಚ್ಚು ವೇಗವಾದರೆ ಕೊನೆಯಲ್ಲಿ ಕಾಲು ಬೀಳುತ್ತದೆ, ಕಡಿಮೆಯಾದರೆ ಸಮಯ ಬರುವುದಿಲ್ಲ.

ಓಟ ಶುರುವಾಗುವ ತಿರುವಿನಲ್ಲಿ ಕಟ್ಟೆಯ ಹೊರಗೆ ಮೇಷ್ಟ್ರು ನಿಂತರು, ಪಕ್ಕದಲ್ಲಿ ನೋಟ್ ಬುಕ್ಕು ಹಿಡಿದು ನಾನು. ಅವಳು ಗೆರೆಯ ಹತ್ತಿರ ಹೋಗುವ ಮೊದಲು ಬಂದು "ಸರ್, ಓಡುವಾಗ ನಂಗೆ ಬೇರೆ ಏನೂ ಕೇಳಿಸಲ್ಲ, ನಿಮ್ಮ ದನಿ ಒಂದೇ ಕೇಳಿಸೋದು. ಜೋರಾಗಿ ಕೂಗಿ" ಅಂದಳು. ಮೇಷ್ಟ್ರು ತಲೆಯಾಡಿಸಿದರು. ಅವರ ಮುಖ ಯಾಕೋ ಬಿಳುಚಿಕೊಂಡಿತ್ತು.

ಮೊದಲ ಸುತ್ತು. ಉಳಿದವರಿಗಿಂತ ಹತ್ತು ಹೆಜ್ಜೆ ಮುಂದೆ ಅವಳು ನಮ್ಮ ಮುಂದೆ ಹಾದುಹೋದಳು. ಮೇಷ್ಟ್ರು ಕೂಗಿದರು: "ಎಪ್ಪತ್ತು!"

ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಎಪ್ಪತ್ತು ಅಂದರೆ ಅರವತ್ತೆಂಟು, ಇದೇನು ಇಷ್ಟು ವೇಗ, ಅಂದುಕೊಂಡೆ. ಮೇಷ್ಟ್ರು ನನಗೆ ಬೇರೆ ಸಂಖ್ಯೆ ಹೇಳಲಿಲ್ಲ. "ಬರ್ಕೋ. ಎಪ್ಪತ್ತೇ" ಅಂದರು.

ಇಪ್ಪತ್ತು ವರ್ಷದಲ್ಲಿ ನನಗೆ ತಿಳಿದ ಮಟ್ಟಿಗೆ ಅವರು ಮೊದಲ ಬಾರಿ ನಿಜ ಕೂಗಿದ್ದರು. ಅವಳು ಅದರಲ್ಲಿ ಎರಡು ಕಳೆದಿರುತ್ತಾಳೆ. ಅರವತ್ತೆಂಟು, ಅತಿಯಾಯಿತು, ತಡೆದುಕೊಳ್ಳಬೇಕು ಅಂದುಕೊಂಡಿರುತ್ತಾಳೆ. ತಲೆ ಎತ್ತಿ ನೋಡಿದೆ. ತಿರುವು ಮುಗಿಯುವಷ್ಟರಲ್ಲಿ ಅವಳ ಹೆಜ್ಜೆ ಚಿಕ್ಕದಾಗಿತ್ತು, ಭುಜ ಸಡಿಲವಾಗಿತ್ತು. ಮೇಷ್ಟ್ರು ಹೇಳಿಕೊಟ್ಟ ಹಾಗೇ, ಜಾಣೆಯಾಗಿ, ಶಕ್ತಿ ಉಳಿಸಿಕೊಳ್ಳುತ್ತಿದ್ದಳು.

ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು. ಸರ್, ಅವಳಿಗೆ ಗೊತ್ತು. ಮುಂದಿನ ಸುತ್ತಿಗೆ ಎರಡು ಸೇರಿಸಿ ಕೂಗಿ. ಹೇಳಲು ಎಪ್ಪತ್ತು ಸೆಕೆಂಡು ಇತ್ತು. ಅಷ್ಟು ಹೊತ್ತಿನಲ್ಲಿ ಒಂದು ಪುಟ ಓದಬಹುದು. ಹೇಳಿದರೆ, ಯಾರು ಹೇಳಿದ್ದು ಅಂತ ಕೇಳುತ್ತಾರೆ. ಹೇಳಿದರೆ ಅವರ ಪಕ್ಕದಲ್ಲಿ ಈ ನೋಟ್ ಬುಕ್ಕು ಹಿಡಿದು ನಿಲ್ಲುವವಳು ನಾನಲ್ಲ. ಒಬ್ಬ ಹುಡುಗಿಯ ಬಾಳು ಕಣ್ಣೆದುರಿಗೆ ಸುತ್ತು ಹೊಡೆಯುತ್ತಿರುವಾಗ ನಾನು ಯೋಚಿಸಿದ್ದು ಇಷ್ಟು ಕೀಳು ವಿಷಯ.

"ಎಪ್ಪತ್ತೆರಡೂವರೆ!" ಅಂತ ಮೇಷ್ಟ್ರು ಕೂಗಿದರು. "ಏನ್ ಮಾಡ್ತಿದೀಯಾ? ಓಡು!"

ಅವಳ ಲೆಕ್ಕಕ್ಕೆ ಅದು ಎಪ್ಪತ್ತೂವರೆ. ಅಂದುಕೊಂಡಷ್ಟೇ. ಅವಳು ಹಾಗೆಯೇ, ಅದೇ ಹೆಜ್ಜೆಯಲ್ಲಿ ಮುಂದೆ ಹೋದಳು. ಮೇಷ್ಟ್ರು ಕಟ್ಟೆಯ ಉದ್ದಕ್ಕೂ ಓಡುತ್ತ ಕೈ ಬೀಸಿ ಅರಚುತ್ತಿದ್ದರು. ಆದರೆ ಅವರು ಪ್ರತಿ ಓಟದಲ್ಲೂ ಹಾಗೆಯೇ ಅರಚುವವರು.

"ಸರ್" ಅಂದೆ ನಾನು.

"ಸುಮ್ನಿರು!" ಅಂದರು.

ನಾನು ಸುಮ್ಮನಾದೆ. ಸುಮ್ಮನಿರು ಅಂದದ್ದಕ್ಕೆ ಸುಮ್ಮನಾದೆ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಿಜವಾಗಿ, ಆ ಮಾತು ಕೇಳಿ ನನಗೆ ಹಾಯೆನಿಸಿತ್ತು.

ಮೂರನೆಯ ಸುತ್ತೂ ಎಪ್ಪತ್ತೆರಡೂವರೆ. ಕೊನೆಯ ಮುನ್ನೂರು ಮೀಟರು ಅವಳು ಹಾರಿಕೊಂಡು ಬಂದಳು. ಅಷ್ಟು ಚೆಂದವಾಗಿ ಅವಳು ಓಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಎರಡನೆಯವಳು ಅರ್ಧ ತಿರುವು ಹಿಂದಿದ್ದಳು. ಗೆರೆ ದಾಟಿ ಎರಡೂ ಕೈ ಮೇಲೆತ್ತಿ, ನಗುತ್ತ, ನಮ್ಮನ್ನು ಹುಡುಕಿದಳು. ಅವಳ ಉಸಿರು ಕೂಡ ಸರಿಯಾಗಿ ಏರಿರಲಿಲ್ಲ. ಅವಳ ಲೆಕ್ಕದಲ್ಲಿ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಆಗಿತ್ತು. ಫಲಕದಲ್ಲಿ ನಾಲ್ಕು ನಿಮಿಷ ಇಪ್ಪತ್ತಾರು ಅಂತ ಬಂತು. ಅವಳು ಅದು ಬೇರೆ ಯಾರದ್ದೋ ಅಂತ ತಿಳಿದು ತನ್ನ ಸಮಯ ಬರುವುದನ್ನು ಕಾಯುತ್ತ ನಿಂತಿದ್ದಳು.

ಮೇಷ್ಟ್ರು ಹೋಗಿ ಅವಳ ತೋಳು ಹಿಡಿದುಕೊಂಡರು. "ಯಾಕೆ ನಿಧಾನ ಮಾಡ್ದೆ? ನಾನು ಪ್ರಾಣ ಬಿಟ್ಟು ಕೂಗ್ತಿದ್ನಲ್ಲ!"

"ನೀವು ಯಾವಾಗ್ಲೂ ಹಾಗೇ ಕೂಗ್ತೀರಲ್ಲ ಸರ್."

"ಎಪ್ಪತ್ತೆರಡೂವರೆ ಅಂದ್ನಲ್ಲೇ!"

"ಅಂದ್ರೆ ಎಪ್ಪತ್ತೂವರೆ ಅಲ್ವಾ?" ಅಂದಳು ಅವಳು.

ಮೇಷ್ಟ್ರ ಕೈ ಅವಳ ತೋಳಿನಿಂದ ತಾನಾಗಿ ಜಾರಿತು. "ಯಾವಾಗಿಂದ ಗೊತ್ತು?" ಅಂತ ಕೇಳಿದರು. ಒಂದು ವರ್ಷ ಆಯಿತು ಅಂದಳು. "ಯಾರು ಹೇಳಿದ್ದು?"

ಅವಳು ನನ್ನ ಕಡೆ ನೋಡಲಿಲ್ಲ. "ಯಾರೂ ಇಲ್ಲ. ಮನಸ್ಸಲ್ಲೇ ಎಣಿಸ್ಕೊಂಡೆ" ಅಂದಳು. ಆಮೇಲೆ, ಆಗ ತಾನೇ ಅರ್ಥವಾದವಳ ಹಾಗೆ, "ಇವತ್ತು ನಿಜ ಹೇಳಿದ್ರಾ ಸರ್?" ಅಂತ ಕೇಳಿದಳು. ಮೇಷ್ಟ್ರು ವಾಚನ್ನು ಅಂಗಿಯ ಒಳಗೆ ಹಾಕಿಕೊಂಡರು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಶೂ ಬಿಚ್ಚತೊಡಗಿದಳು. ವಾಪಸು ಬರುವ ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಸೋಮವಾರ ಅವಳು ಅಂಗಡಿಗೆ ಹೋದಳು.

ಮೇಷ್ಟ್ರು ಮೈದಾನಕ್ಕೆ ಬರುವುದನ್ನೇನೂ ನಿಲ್ಲಿಸಲಿಲ್ಲ. ಆದರೆ ಕೂಗುವುದನ್ನು ನಿಲ್ಲಿಸಿದರು. ಮಕ್ಕಳು ಸುತ್ತು ಮುಗಿಸಿ ಅವರ ಕಡೆ ಕಿವಿ ಕೊಟ್ಟರೆ ಸುಮ್ಮನೆ ಕೈಯಾಡಿಸಿ ಹೋಗು ಅನ್ನುತ್ತಿದ್ದರು. ಎಷ್ಟಾಯಿತು ಸರ್ ಅಂತ ಕೇಳಿದರೆ ವಾಚನ್ನೇ ಅವರ ಮುಖದ ಮುಂದೆ ಹಿಡಿಯುತ್ತಿದ್ದರು. ಹತ್ತು ಹನ್ನೆರಡು ಮಕ್ಕಳಲ್ಲಿ ನಾಲ್ಕು ಜನ ಬೇರೆ ತರಬೇತುದಾರರ ಹತ್ತಿರ ಹೋದರು. ಅವರು ಯಾರನ್ನೂ ಕರೆಯಲಿಲ್ಲ. ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತು, "ಒಂದು ವರ್ಷ ನನ್ನ ಸುಳ್ಳನ್ನ ಅವಳೊಬ್ಳೇ ಹೊತ್ಕೊಂಡು ಓಡಿದಾಳೆ. ಒಂದು ಮಾತು ಕೇಳ್ಲಿಲ್ಲ. ನನ್ನ ಬಗ್ಗೆ ಏನಂದ್ಕೊಂಡಿರಬೇಕು" ಅಂದರು. ನಾನು ರಿಜಿಸ್ಟರಿನಲ್ಲಿ ತಲೆ ಹುದುಗಿಸಿದೆ.

ಮೂರು ವಾರ ತಡೆದುಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಅಡುಗೆಮನೆಯ ಪಕ್ಕದ ನಡುಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟಿದ್ದರು. ಅವರ ಹೆಂಡತಿ "ಬಾಮ್ಮ, ಇವರು ಮಾತಾಡಿ ಎಷ್ಟು ದಿನ ಆಯ್ತೋ, ನೀನಾದ್ರೂ ಬಾಯಿ ಬಿಡಿಸು" ಅಂತ ಹೇಳಿ ಒಳಗೆ ಹೋದರು. ನಾನು ನಿಂತುಕೊಂಡೇ ಹೇಳಿದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಅತ್ತದ್ದು, ನಾನು ಹೇಳಿಬಿಟ್ಟದ್ದು, ಅವಳು ನನ್ನನ್ನು ಕಾಪಾಡಿದ್ದು, ಎಲ್ಲ.

ಬೈಯುತ್ತಾರೆ ಅಂತ ಕಾದೆ. ಅವರು ನೀರನ್ನೇ ನೋಡುತ್ತಿದ್ದರು.

"ಮೊದಲನೇ ಸುತ್ತು ಆದಾಗ ನಿಂಗೆ ಗೊತ್ತಾಯ್ತಾ?" ಅಂತ ಕೇಳಿದರು.

"ಆಯ್ತು ಸರ್."

"ಎರಡನೇ ಸುತ್ತಲ್ಲೂ ಗೊತ್ತಿತ್ತಾ?"

"ಗೊತ್ತಿತ್ತು ಸರ್."

"ಮೂರನೇದು?"

ಹೌದು ಅಂತ ತಲೆಯಾಡಿಸಿದೆ. "ನನಗೆ ಹೆದರಿದ್ಯಾ?" ಅಂದರು. ಹೌದು ಅಂದೆ. "ನನ್ನ ಹತ್ರ ಬಾಯಿ ಬಿಡೋ ಧೈರ್ಯ ಯಾರಿಗೂ ಬರದ ಹಾಗೆ ಮಾಡಿಟ್ಟೋನು ನಾನೇ. ನಿನ್ನ ಏನಂತ ಬೈಲಿ?" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವರೇ ಹೇಳಿದರು. ಅಷ್ಟು ಬಿಗಿಯಾದ ಸಮಯಕ್ಕೆ ಓಡುವಾಗ ಎರಡು ಸೆಕೆಂಡು ಹೆಚ್ಚು ಹೇಳಿದರೆ ಅವಳು ಗಾಬರಿಯಾಗಿ ಮೊದಲೇ ಎಲ್ಲ ಶಕ್ತಿ ಸುರಿದುಬಿಡುತ್ತಾಳೆ ಅನ್ನುವುದು ಒಂದು ಯೋಚನೆ. ಜೊತೆಗೆ, ನಿಮ್ಮ ದನಿ ಒಂದೇ ಕೇಳಿಸೋದು ಅಂತ ಅವಳು ಅಂದದ್ದಕ್ಕೆ ಅವರಿಗೆ ನಾಚಿಕೆಯಾಯಿತಂತೆ. "ಇವತ್ತಾದ್ರೂ ಆ ಮಗೂಗೆ ನಿಜ ಹೇಳೋಣ ಅನ್ನಿಸ್ತು ಕಣಮ್ಮ."

ಕಾಲು ಒರೆಸಿಕೊಂಡು ಎದ್ದರು. "ನಡಿ, ಅಂಗಡಿಗೆ ಹೋಗ್ಬರೋಣ. ಶಿಬಿರಕ್ಕೆ ವಯಸ್ಸಾಯ್ತು, ನಿಜ. ಆದ್ರೆ ದೊಡ್ಡೋರ ಸ್ಪರ್ಧೆಗೆ ವಯಸ್ಸಿನ ಕಟ್ಟಿಲ್ಲ. ಮಾರ್ಚಿನಲ್ಲೊಂದಿದೆ. ಬೆಳಿಗ್ಗೆ ಒಂದು ಗಂಟೆ ಬಿಟ್ಟುಕೊಡಿ ಅಂತ ಅವಳ ಅಮ್ಮನನ್ನ ಕೇಳ್ತೀನಿ" ಅಂದರು. ಅವರ ದನಿಯಲ್ಲಿ ಮೂರು ವಾರದ ಮೇಲೆ ಸ್ವಲ್ಪ ಜೀವ ಬಂದಿತ್ತು. ದಾರಿಯುದ್ದಕ್ಕೂ ಯಾವ ವಾರ ಎಷ್ಟು ಓಡಿಸಬೇಕು ಅಂತ ನನಗೆ ಹೇಳುತ್ತ ಬಂದರು.

ಅಂಗಡಿಯಲ್ಲಿ ತಾಯಿ ಇರಲಿಲ್ಲ, ವೈದ್ಯರ ಹತ್ತಿರ ಹೋಗಿದ್ದಳು. ಕಡ್ಡಿ ಇಸ್ತ್ರಿ ಮೇಜಿನ ಹಿಂದೆ ನಿಂತು ಒಂದು ಬಿಳಿ ಅಂಗಿಯ ಕಾಲರು ತೀಡುತ್ತಿದ್ದಳು. ಆವಿ ಅವಳ ಮುಖಕ್ಕೆ ಬಡಿಯುತ್ತಿತ್ತು. ಕೂದಲನ್ನು ಬೆಳೆಯಲು ಬಿಟ್ಟಿದ್ದಳು. "ಬನ್ನಿ ಸರ್, ಬನ್ನಿ ಅಕ್ಕ" ಅಂತ ಸ್ಟೂಲು ಎಳೆದು ಕೊಟ್ಟಳು. ಮೇಷ್ಟ್ರು ಕೂರಲಿಲ್ಲ. ಕೌಂಟರಿನ ಮೇಲೆ ಎರಡೂ ಕೈಯೂರಿ, ಮಾರ್ಚಿನ ಸ್ಪರ್ಧೆಯ ವಿಷಯ ಹೇಳಿದರು. ಅವಳು ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಪೂರ್ತಿ ಕೇಳಿಸಿಕೊಂಡಳು.

"ನಾನು ಎಲ್ಲ ಹೇಳಿಬಿಟ್ಟೆ ಕಣೆ" ಅಂದೆ ನಾನು.

ಅವಳು ನನ್ನನ್ನು ನೋಡಿದಳು. "ನೀವು ಸರ್ ಪಕ್ಕದಲ್ಲೇ ನಿಂತಿದ್ರಲ್ವಾ ಅಕ್ಕ" ಅಂದಳು. ಅಷ್ಟೇ. ಮೂರು ವಾರದಿಂದ ಅದನ್ನೇ ಯೋಚಿಸಿದ್ದಳೇನೋ, ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

"ತಪ್ಪು ನಂದು" ಅಂದರು ಮೇಷ್ಟ್ರು. ಆ ಮಾತನ್ನು ಅವರ ಬಾಯಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ. "ನೀನು ಚೆನ್ನಾಗಿ ಓಡ್ತೀಯಾ. ತುಂಬಾ ಚೆನ್ನಾಗಿ ಓಡ್ತೀಯಾ. ಇದನ್ನ ಆರು ವರ್ಷದ ಹಿಂದೇನೇ ಹೇಳಬೇಕಿತ್ತು. ಇನ್ಮೇಲೆ ನಿಜಾನೇ ಕೂಗ್ತೀನಿ, ಒಂದು ಸೆಕೆಂಡೂ ಹೆಚ್ಚುಕಡಿಮೆ ಇಲ್ಲ. ಬಾಮ್ಮ."

ಅವಳ ಕಣ್ಣು ತುಂಬಿ ಬಂತು. ಅಂಗಿಯ ತೋಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಮೊನ್ನೆ ಬೆಳಿಗ್ಗೆ ನಾನೊಬ್ಳೇ ಹೋಗಿ ಓಡಿ ನೋಡ್ದೆ ಸರ್" ಅಂದಳು. "ನೀವಿರ್ಲಿಲ್ಲ. ಆದ್ರೂ ತಿರುವಿಗೆ ಬಂದಾಗ ನಿಮ್ಮ ದನಿ ಕೇಳಿಸ್ತು. ಕೇಳಿಸಿದ ತಕ್ಷಣ ತಲೆ ಲೆಕ್ಕ ಶುರು ಮಾಡ್ತು, ಇದರಲ್ಲಿ ಎರಡು ಕಳೀಬೇಕಾ, ಬೇಡ್ವಾ ಅಂತ. ಅಷ್ಟರಲ್ಲಿ ಕಾಲು ನಿಂತೇ ಹೋಯ್ತು ಸರ್. ನಡ್ಕೊಂಡು ವಾಪಸ್ ಬಂದೆ."

ಅಷ್ಟರಲ್ಲಿ ಗಿರಾಕಿಯೊಬ್ಬರು ಚೀಟಿ ಹಿಡಿದು ಬಂದರು. ಅವಳು ಕಣ್ಣೊರೆಸಿಕೊಂಡು, ನಂಬರು ಓದಿ, ಕಂಬಿಯ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಸರಿಸುತ್ತ ಹುಡುಕತೊಡಗಿದಳು.